ಬೆಂಡೆಕಾಯಿಯ ತುದಿ

ವಾರಿಜಮ್ಮನವರ ಕಣ್ಣು ತಪ್ಪಿಸಿ ಒಂದೇ ಒಂದು ಹುಳುಕು ಬದನೆಕಾಯಿ ಮನೆಯೊಳಗೆ ಬಂದ ಉದಾಹರಣೆ ಜಯನಗರದ ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು, ಹುರುಳಿಕಾಯಿಯನ್ನು ಮಡಚಬೇಕು, ಬೆಂಡೆಕಾಯಿಯ ತುದಿಯನ್ನಂತೂ ಟಕ್ಕನೆ ಮುರಿಯಲೇಬೇಕು. ಮುರಿದರೆ ಎಳೆಯದು. ಬರೀ ಬಾಗಿದರೆ ಬಲಿತದ್ದು, ಮೂತಿ ತಿರುಚಿಕೊಂಡು ವಾಪಸ್ಸು ಗಾಡಿಗೆ ಹೋಗಬೇಕು. ಮುರಿದವುಗಳಲ್ಲೂ ಕೊಂಚ ಡೊಂಕಾಗಿದ್ದವಕ್ಕೆ ಇವರ ಚೀಲದಲ್ಲಿ ಜಾಗವಿರಲಿಲ್ಲ.

ತೊಂಬತ್ತೇಳನೆಯ ಇಸವಿಯ ಬೇಸಿಗೆ ರಜೆಯಲ್ಲಿ ಈ ವಿದ್ಯೆಯನ್ನೆಲ್ಲ ಏಳು ವರ್ಷದ ಮೊಮ್ಮಗಳು ಶರ್ವಾಣಿಗೆ ಧಾರೆ ಎರೆಯುವುದೆಂದು ಅವರು ನಿಶ್ಚಯಿಸಿದರು. ಮಗ-ಸೊಸೆಯರನ್ನು ನೆಚ್ಚಿಕೊಂಡರೆ ಆದ ಹಾಗೇ ಇತ್ತು. ಅಂಗಡಿಯವನು ತುಂಬಿಕೊಟ್ಟದ್ದನ್ನು ತಲೆಬಗ್ಗಿಸಿ ಹೊತ್ತು ತರುವ ಜನ ಅವರು. "ದುಡ್ಡು ಕೊಡೋದು ಯಾರಿಗಾದ್ರೂ ಬರುತ್ತೆ ಕಣೇ. ಕೊಳ್ಳೋದು ಕಲೀಬೇಕು. ನೋಡಿ, ಮುಟ್ಟಿ, ಮುರಿದು ತಗೋಬೇಕು" ಎಂದು ದಿನವೂ ಪಾಠವಾಗುತ್ತಿತ್ತು. ಶರ್ವಾಣಿ ಎಲ್ಲವನ್ನೂ ಶ್ರದ್ಧೆಯಿಂದ ಕಲಿತಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ತಾನೊಬ್ಬಳೇ ಗೇಟಿನ ಹೊರಗೆ ಹೋಗಿ, ತಾನೇ ಆರಿಸಿ ತರಕಾರಿ ತರುವುದು.

ಆ ದಿನವೂ ಬಂತು. ಒಲೆಯ ಮೇಲೆ ಬೇಳೆ ಉಕ್ಕುತ್ತಿದ್ದ ಹೊತ್ತಿಗೇ ಅಕ್ಕಯಮ್ಮನ ತಳ್ಳುಗಾಡಿಯ ಕೂಗು ಕೇಳಿಸಿತು. ವಾರಿಜಮ್ಮ ಅಡುಗೆಮನೆಯಿಂದಲೇ, "ಹೋಗು, ಅರ್ಧ ಕೆಜಿ ಬೆಂಡೆಕಾಯಿ ತಗೊಂಡು ಬಾ. ನೋಡಿ ತಗೋ" ಎಂದರು. ಹುಡುಗಿ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಚೀಲ ಹಿಡಿದು ಓಡಿದಳು.

ಅಕ್ಕಯಮ್ಮ ಆ ಬೀದಿಗೆ ಹಳಬಳು. "ನೀನು ಆರಿಸ್ತಿರು ಮರಿ, ಎದುರುಮನೆ ಮಹಡಿ ಮೇಲಿನೋರಿಗೆ ಸೊಪ್ಪು ಕೊಟ್ಟು ಬತ್ತೀನಿ" ಎಂದು ಮೆಟ್ಟಿಲು ಹತ್ತಿದಳು. ಮೇಲೆ ಸ್ವಲ್ಪ ಮಾತಿಗೂ ನಿಂತಳೆಂದು ಕಾಣುತ್ತದೆ. ಇಳಿದು ಬರುವಷ್ಟರಲ್ಲಿ ಬುಟ್ಟಿಯಲ್ಲಿದ್ದ ಬೆಂಡೆಕಾಯಿಯಷ್ಟರದ್ದೂ ತುದಿ ಹೋಗಿತ್ತು, ಇಲ್ಲವೇ ಬಾಗಿ ನಜ್ಜಾಗಿತ್ತು. ಅಜ್ಜಿ ಹೇಳಿಕೊಟ್ಟದ್ದನ್ನು ಮೊಮ್ಮಗಳು ಚಾಚೂ ತಪ್ಪದೆ ಪಾಲಿಸಿದ್ದಳು. ಎಲ್ಲವನ್ನೂ ಪರೀಕ್ಷೆ ಮಾಡಿ, ಅದರಲ್ಲಿ ಚೆಲುವಾದವನ್ನಷ್ಟೇ ತನಗೆಂದು ಒಂದು ಪಕ್ಕಕ್ಕೆ ಇಟ್ಟಿದ್ದಳು.

"ಅಜ್ಜಿ, ಒಂದನ್ನೂ ಬಿಡದೆ ನೋಡಿದೆ" ಎಂದು ಅವಳು ಬೀಗುತ್ತ ಒಳಗೆ ಬಂದಾಗ ವಾರಿಜಮ್ಮನವರಿಗೆ ಏನಾಗಿದೆಯೆಂದು ಹೊಳೆಯಿತು. ಸೌಟು ಕೈಯಲ್ಲಿರುವಂತೆಯೇ ಗೇಟಿಗೆ ಬಂದರು. ಅಕ್ಕಯಮ್ಮ ಗೋಣಿತಾಟಿನ ಮೇಲೆ ಬಿದ್ದಿದ್ದ ಹಸಿರು ತುದಿಗಳನ್ನು ಕೈಯಿಂದ ಗುಡಿಸುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೊಂದು ಬಾಕಿ.

"ಮುಂದಿನ ಬೀದೀಲಿ ಇದನ್ಯಾರು ತಗೋತಾರಮ್ಮ" ಎಂದಳು.

ಅಷ್ಟು ಸಾಕಾಯಿತು. ವಾರಿಜಮ್ಮ ಮೊಮ್ಮಗಳ ಮೇಲೆ ಹರಿಹಾಯ್ದರು. "ಬುದ್ಧಿ ಇಲ್ವೇನೇ? ಅಷ್ಟನ್ನೂ ಮುರಿಯೋದಾ? ಒಂದೆರಡು ಮುರಿದು ನೋಡ್ಬೇಕಪ್ಪ."

ಹಿಂದೆಯೇ ಬಂದಿದ್ದ ಶರ್ವಾಣಿ ತಲೆ ಎತ್ತಿದಳು. "ನೀವು ದಿನಾ ಮುರೀತೀರಲ್ಲ, ಬೇಡ ಅಂತ ವಾಪಸ್ಸು ಹಾಕ್ತೀರಲ್ಲ. ಅದನ್ನ ಯಾರು ತಗೋತಾರೆ?"

ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ವಾರಿಜಮ್ಮನವರಿಗೆ ಇದು ಹೊಸ ಪ್ರಶ್ನೆ. ಬೀದಿಯ ಕೊನೆಯ ಮನೆಯವರೋ, ಪಕ್ಕದ ಸಿದ್ದಾಪುರದಲ್ಲಿ ಸಂಜೆ ಚೌಕಾಸಿ ಮಾಡುವವರೋ, ಇಲ್ಲವೇ ಅಕ್ಕಯಮ್ಮನ ಮನೆಯ ಒಲೆಯೋ, ತಾವು ಬಿಟ್ಟದ್ದು ಎಲ್ಲಿಗೆ ಸೇರುತ್ತದೆಂದು ಅವರು ಯೋಚಿಸಿಯೇ ಇರಲಿಲ್ಲ. ಇಡೀ ಬುಟ್ಟಿಯನ್ನು ತೂಗಿಸಿ ಒಳಗೆ ತಂದರು.

ಹಣವೇನೋ ಚುಕ್ತಾ ಆಯಿತು, ಹುಡುಗಿಯ ಮನಸ್ಸು ಸರಿಹೋಗಲಿಲ್ಲ. ಮರುದಿನ ಗಾಡಿಯ ಕೂಗು ಕೇಳಿದ್ದೇ ತಡ, ಅವಳು ಹೋಗಿ ಮಂಚದ ಕೆಳಗೆ ಸೇರಿಕೊಂಡಳು. "ನಾನು ಇನ್ನೆಲ್ಲಿಗೂ ಹೋಗಲ್ಲ. ಏನೂ ತರಲ್ಲ" ಎಂದು ಅಲ್ಲಿಂದಲೇ ಉತ್ತರ ಬಂತು. ಮಗುವಿನ ಕೈ ಮಾಡಿದ್ದು ತನ್ನ ಕೈ ಮಾಡುವುದನ್ನೇ ಎಂದು ಗೊತ್ತಿದ್ದೂ ಬೈದುಬಿಟ್ಟೆನಲ್ಲ ಎಂದು ಅಜ್ಜಿಗೆ ಆ ಹೊತ್ತಿನ ಊಟ ಸೇರಲಿಲ್ಲ.

ಮನೆಯಲ್ಲಿ ಬೆಂಡೆಕಾಯಿ ಪಲ್ಯ, ಬೆಂಡೆಕಾಯಿ ಗೊಜ್ಜು, ಬೆಂಡೆಕಾಯಿ ಹುಳಿ. ಯಜಮಾನರಾದ ಬದರಿನಾಥರು ತಟ್ಟೆ ನೋಡಿ, "ಪಾಯಸ ಯಾವತ್ತು ವಾರಿಜಾ? ಅದೊಂದು ಬಾಕಿ ಇದೆ" ಎಂದರು. ಯಾರೂ ನಗಲಿಲ್ಲ.

ಮಧ್ಯಾಹ್ನ ವಾರಿಜಮ್ಮ ಉಳಿದ ಬೆಂಡೆಕಾಯಿಗಳನ್ನು ಮೊರದಲ್ಲಿ ಸುರಿದುಕೊಂಡು, ಈಳಿಗೆಮಣೆ ತಂದು, ಮಂಚದ ಪಕ್ಕದಲ್ಲೇ ಕೂತರು. "ಶರ್ವಾಣಿ, ಮುರಿಯದೆ ಎಳೇದು ಯಾವುದು ಅಂತ ಕಂಡುಹಿಡಿಯೋಕೆ ನನಗೂ ಬರಲ್ಲ ಕಣೇ. ಇಷ್ಟು ವಯಸ್ಸಾದ್ರೂ ಬರಲ್ಲ. ತಪ್ಪು ನಂದೇ. ಇಬ್ಬರೂ ಕಲಿಯೋಣ ಬಾ."

ಮಂಚದ ಕೆಳಗಿನಿಂದ ಮೊದಲು ಒಂದು ಕೈ ಬಂತು, ಆಮೇಲೆ ತಲೆ.

ಕಣ್ಣು ಮುಚ್ಚಿ ಸವರುವುದು, "ಎಳೇದು" ಎಂದೋ "ಬಲಿತದ್ದು" ಎಂದೋ ಹೇಳುವುದು, ಆಮೇಲೆ ಈಳಿಗೆಗೆ ಕೊಟ್ಟು ನೋಡುವುದು. ಅಜ್ಜಿ ಮೊದಮೊದಲು ಸೋತರು. ಕೈಗೆ ನವಿರಾದ ತರಿ ತಾಗಿ, ಒತ್ತಿದರೆ ಮೆತ್ತಗಿರುವುದು ಎಳೆಯದೆಂದು ಮೊಮ್ಮಗಳ ಬೆರಳಿಗೆ ಬೇಗ ತಿಳಿಯಿತು. ಬಿರುಸಾಗಿ, ಏಣುಗಳು ಎದ್ದು ನಿಂತಿದ್ದರೆ ಒಳಗೆ ಬೀಜ ಗಟ್ಟಿ. "ಅಜ್ಜಿ, ನೀವು ಫೇಲು" ಎಂದು ಅವಳು ನಕ್ಕಾಗ ವಾರಿಜಮ್ಮನವರಿಗೆ ಹೋದ ಜೀವ ಬಂದಂತಾಯಿತು.

ಮಾರನೆಯ ಬೆಳಿಗ್ಗೆ ಇಬ್ಬರೂ ಗೇಟಿಗೆ ಹೋದರು. ಶರ್ವಾಣಿಯನ್ನು ಕಂಡದ್ದೇ ಅಕ್ಕಯಮ್ಮನ ಕೈ ತಾನಾಗಿಯೇ ಬೆಂಡೆಕಾಯಿ ಬುಟ್ಟಿಯ ಮೇಲೆ ಹೋಯಿತು. ಹುಡುಗಿ ಅದನ್ನು ನೋಡಿದಳು. ನೋಡಿ ಅಜ್ಜಿಯ ಸೆರಗಿನ ಹಿಂದೆ ಸರಿದಳು.

"ಅವಳು ಮುರಿದದ್ದು ನನ್ನ ನೋಡಿ ಅಕ್ಕಯಮ್ಮ. ಇನ್ಮೇಲೆ ಇಬ್ಬರೂ ಮುರಿಯಲ್ಲ" ಎಂದರು ವಾರಿಜಮ್ಮ. ಎದುರುಮನೆಯವರು ಕೇಳಿಸಿಕೊಳ್ಳುತ್ತಿದ್ದರು, ಕೇಳಿಸಿಕೊಳ್ಳಲಿ.

ಅಕ್ಕಯಮ್ಮ ಕೈ ತೆಗೆದು ಬುಟ್ಟಿಯನ್ನು ಹುಡುಗಿಯ ಕಡೆ ಜರುಗಿಸಿದಳು. "ಆರಿಸು ಮರಿ" ಎಂದಳು.

ಶರ್ವಾಣಿ ಒಂದೊಂದನ್ನೇ ಎತ್ತಿ, ಸವರಿ, ಬೇಡವಾದದ್ದನ್ನು ಹೇಗಿತ್ತೋ ಹಾಗೇ ಮೆಲ್ಲಗೆ ಮಲಗಿಸಿದಳು. ಡೊಂಕಾದವೂ ತಕ್ಕಡಿಗೆ ಹೋದವು. ಬರಬರುತ್ತಾ ಅವಳ ಭುಜ ಸಡಿಲವಾಯಿತು, ಅಕ್ಕಯಮ್ಮನ ಜೊತೆ ಮಾತೂ ಶುರುವಾಯಿತು. ಅಷ್ಟರಲ್ಲಿ ಒಂದು ದಪ್ಪನೆಯ, ಖಂಡಿತವಾಗಿ ಬಲಿತಿದ್ದ ಕಾಯಿ ತಕ್ಕಡಿಯ ತಟ್ಟೆಗೆ ಬಿದ್ದದ್ದು ವಾರಿಜಮ್ಮನವರ ಕಣ್ಣಿಗೆ ಬಿತ್ತು. ಅವರ ಕೈ ಮುಂದೆ ಹೋಯಿತು.

"ಅಜ್ಜಿ, ಮುಟ್ಬೇಡಿ. ನಾನು ಆರಿಸಿದ್ದು" ಎಂದಳು ಶರ್ವಾಣಿ.

ವಾರಿಜಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಆ ದಿನ ಊಟದಲ್ಲಿ ಹುಡುಕಿ ಹುಡುಕಿ ಆ ಕಾಯಿಯ ಹೋಳುಗಳನ್ನೆಲ್ಲ ತಮ್ಮ ತಟ್ಟೆಗೇ ಬಡಿಸಿಕೊಂಡರು. ನಾರು ಹಲ್ಲಿಗೆ ಸಿಕ್ಕಿಕೊಂಡರೂ ಸೊಲ್ಲೆತ್ತದೆ ಅಗಿದರು.

"ಹೇಗಿದೆ ಅಜ್ಜಿ?" ಎಂದು ಶರ್ವಾಣಿ ಕೇಳಿದಳು.

"ನೀನೇ ತಂದಿದ್ದಲ್ವಾ, ಚೆನ್ನಾಗಿದೆ. ನಾಳೆ ಹುರುಳಿಕಾಯಿ ತಾ" ಎಂದರು ವಾರಿಜಮ್ಮ.