ಎಡಗಿವಿಗೆ ಅವ್ವ, ಬಲಗಿವಿಗೆ ಚಿಕ್ಕವ್ವ

ಶೀಳನೆರೆಯ ಅಣ್ಣಮ್ಮನಿಗೂ ಕಿಕ್ಕೇರಿಯ ಜಯಲಕ್ಷ್ಮಮ್ಮನಿಗೂ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಜಮೀನಿನ ತಕರಾರಲ್ಲ, ಒಡವೆಯದ್ದೂ ಅಲ್ಲ. ಅಲ್ಲಿಯವರೆಗೆ ಅವರಿಬ್ಬರೂ ಸೋಬಾನೆಗೆ ಜೋಡಿ. ಒಬ್ಬಳು ಸೊಲ್ಲೆತ್ತಿ ಕೇಳಿದರೆ ಇನ್ನೊಬ್ಬಳು ಎದುರು ಸೊಲ್ಲು ಕೊಡಬೇಕು. ಪಾಂಡವಪುರದಿಂದ ನಾಗಮಂಗಲದವರೆಗೆ ಅವರ ಹಾಡಿಲ್ಲದೆ ಹಸೆ ಏರಿದ ಮದುಮಗಳು ಕಡಿಮೆ. ನಾಗಮಂಗಲದ ಒಂದು ಮದುವೆಯಲ್ಲಿ ಮೊದಲ ಸೊಲ್ಲು ಜಯಲಕ್ಷ್ಮಮ್ಮನದಾಗಿತ್ತು. ಆಕೆ ಎಲೆಅಡಿಕೆ ಉಗುಳಿ ಬರುವಷ್ಟರಲ್ಲಿ ಅಣ್ಣಮ್ಮ ಎತ್ತಿಬಿಟ್ಟಳು. ಅಷ್ಟಕ್ಕೇ ಒಂಬತ್ತು ವರ್ಷ. ಒಂದು ಮೊಳ ಬದು ಒತ್ತಿದ್ದಕ್ಕೆ ಗಂಡಸರು ಮೂರು ತಲೆಮಾರು ಕೋರ್ಟಿಗೆ ಅಲೆಯುವುದನ್ನು ನೋಡಿದವರಿಗೆ ಇದೇನೂ ಹೆಚ್ಚೆನಿಸದು.

ನಡುವೆ ಸಿಕ್ಕಿಕೊಂಡವನು ಅಣ್ಣಮ್ಮನ ಮಗ ಚಲುವರಾಜು. ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ರೇಡಿಯೊ, ಟೇಪು ರಿಪೇರಿ ಅಂಗಡಿ. ಹೆತ್ತವಳು ಅಣ್ಣಮ್ಮನಾದರೂ ಎತ್ತಿ ಆಡಿಸಿದವಳು ಆಗ ಪಕ್ಕದ ಮನೆಯಲ್ಲೇ ಇದ್ದ ಜಯಲಕ್ಷ್ಮಮ್ಮ, ಅವನ ಬಾಯಲ್ಲಿ ಚಿಕ್ಕವ್ವ. ಚಿಕ್ಕವ್ವ ಮತ್ತೆ ತನ್ನ ಮನೆಯ ಹೊಸ್ತಿಲು ದಾಟಿ ಬರಲಿಲ್ಲವಲ್ಲ ಎಂಬ ನೋವು ಅವನಿಗಿತ್ತು. ಉಳಿದ ಯಾವುದಕ್ಕೂ ಅವನು ಅಷ್ಟಾಗಿ ನೊಂದುಕೊಳ್ಳುವ ಆಸಾಮಿಯಲ್ಲ.

ತೊಂಬತ್ತೈದರಲ್ಲಿ ಮೈಸೂರಿನ ಒಂದು ಆರ್ಕೆಸ್ಟ್ರಾ ಮುಚ್ಚಿತು. ಅವರ ನಾಲ್ಕು ಟ್ರ್ಯಾಕಿನ ಟೇಪು ಚಲುವರಾಜುವಿನ ಕೈಗೆ ಬಂತು. ನಾಲ್ಕು ದನಿಯನ್ನು ಬೇರೆ ಬೇರೆ ದಿನ ಹಿಡಿದು, ಆಮೇಲೆ ಒಂದು ಮಾಡಬಹುದಾದ ಯಂತ್ರ. ಅದನ್ನು ಕಂಡದ್ದೇ ಅವನಿಗೆ ಹೊಳೆದದ್ದು ಒಂದೇ ವಿಚಾರ. ಒಂದೇ ಚಾಪೆಯಲ್ಲಿ ಕೂರದವರು ಒಂದೇ ಕ್ಯಾಸೆಟ್ಟಿನಲ್ಲಿ ಕೂತಾರು. ಆ ವೈಶಾಖದಲ್ಲಿ ಜಯಲಕ್ಷ್ಮಮ್ಮನ ಮೊಮ್ಮಗಳು ರಮ್ಯಳ ಮದುವೆಯೂ ಇತ್ತು.

ಮೊದಲು ಅವ್ವನನ್ನು ಒಪ್ಪಿಸಿದ. ಅಣ್ಣಮ್ಮ ಮೈಕಿನ ಮುಂದೆ ಕೂತು ಒಂದು ಸೊಲ್ಲು ಹಾಡುವಳು, ನಿಲ್ಲಿಸುವಳು, ಮುಂದಿನದನ್ನು ಎತ್ತುವಳು. ನಡುವೆ ಎಷ್ಟು ಹೊತ್ತು ಬಿಡಬೇಕು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದ ಹೊತ್ತಿನಲ್ಲಿ ಅವಳ ತುಟಿ ಅಲ್ಲಾಡುವುದನ್ನು ಚಲುವರಾಜು ಗಮನಿಸಿದ. ಎದುರು ಸೊಲ್ಲನ್ನು ಅವಳು ದನಿ ಇಲ್ಲದೆ ಹೇಳಿಕೊಳ್ಳುತ್ತಿದ್ದಳು. ಅವನು ಕಂಡೂ ಕಾಣದವನಂತೆ ಇದ್ದುಬಿಟ್ಟ.

ಆಮೇಲೆ ಯಂತ್ರವನ್ನು ಬಸ್ಸಿಗೆ ಹಾಕಿಕೊಂಡು ಕಿಕ್ಕೇರಿಗೆ ಹೋದ. ಜಯಲಕ್ಷ್ಮಮ್ಮ ಮೊದಲು ಕೇಳಿದ್ದೇ ಅದನ್ನು.

“ಮೊದ್ಲು ಅವಳೇ ಎತ್ತವ್ಳಾ?”

ಅವನು ತಲೆ ತಗ್ಗಿಸಿದ.

“ಎತ್ಲಿ ಬುಡು. ಅವಳ ದನಿಗಿಂತ ನಂದು ಒಂದು ಕಾಳಷ್ಟೂ ತಗ್ಗಬಾರ್ದು ಕಣ್ಲಾ. ತಗ್ತೋ, ನಿನ್ನ ಹೊಸ್ಲು ನಾನು ಈ ಜಲ್ಮದಾಗೆ ತುಳಿಯಾಕಿಲ್ಲ.”

ತಗ್ಗದಿದ್ದರೆ ತುಳಿಯುತ್ತಾಳೆ ಎಂದು ಚಲುವರಾಜು ಅರ್ಥ ಮಾಡಿಕೊಂಡ. ಹಾಗೆಂದು ಅವಳೇನೂ ಹೇಳಿರಲಿಲ್ಲ. ಅಣ್ಣಮ್ಮ ಬಿಟ್ಟ ಜಾಗಗಳಲ್ಲಿ ಅವಳು ಎದುರು ಸೊಲ್ಲು ಕೂರಿಸಿದಳು. ಒಂದು ಉಸಿರೂ ಹೆಚ್ಚುಕಮ್ಮಿಯಾಗಲಿಲ್ಲ.

ಇನ್ನು ಎರಡನ್ನೂ ಹದವಾಗಿ ಬೆರೆಸಬೇಕು. ಅದಕ್ಕೆ ಕೇಳುವ ಸಾಧನವೊಂದು ಬೇಕಲ್ಲ? ಮೈಸೂರಿನ ಅಂಗಡಿಯ ಮುದುಕ ಎರಡನ್ನು ಮುಂದಿಟ್ಟ. ಒಂದು, ಸ್ಟುಡಿಯೊದವರು ಬಳಸುವ ಜೋಡಿ ಸ್ಪೀಕರ್ ಪೆಟ್ಟಿಗೆ. ಇನ್ನೊಂದು, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನು. ಮುದುಕ ಪೆಟ್ಟಿಗೆಯ ಪರ. ಕಿವಿಗೆ ಹಾಕಿಕೊಂಡರೆ ಹಾಡು ತಲೆಯೊಳಗೆ ನಡೆಯುತ್ತೆ, ಪೆಟ್ಟಿಗೆ ಇಟ್ಟರೆ ಮನೆಯೊಳಗೆ ನಡೆಯುತ್ತೆ, ಮದುವೆ ಹಾಡು ತಲೆಯೊಳಗೆ ನಡೆಯಬಾರದು ಎಂದು ಅವನ ವಾದ. ಚಲುವರಾಜುವಿಗೂ ಅದು ಸರಿಯೆನಿಸಿತು. ಆದರೆ ಅವನ ಮನೆ ನಾಡಹೆಂಚಿನದು, ಒಳಗೋಡೆಗಳು ಸೂರು ಮುಟ್ಟುತ್ತಿರಲಿಲ್ಲ. ನಡುಮನೆಯಲ್ಲಿ ಕೆಮ್ಮಿದರೆ ಕೊಟ್ಟಿಗೆಯ ಎಮ್ಮೆ ಕಿವಿ ನಿಮಿರಿಸುತ್ತಿತ್ತು. ಪೆಟ್ಟಿಗೆ ಇಟ್ಟು ಚಿಕ್ಕವ್ವನ ದನಿ ಏರಿಸಿದರೆ ಅವ್ವ ಒಲೆ ಮುಂದಿನಿಂದಲೇ ಎದ್ದು ಬರುತ್ತಾಳೆ. ಅವ್ವನದನ್ನು ಏರಿಸಿದರೆ ಸುದ್ದಿ ಕಿಕ್ಕೇರಿ ಮುಟ್ಟುತ್ತದೆ. ಹೀಗೆಂದುಕೊಂಡು ಹೆಡ್‌ಫೋನನ್ನೇ ಕಟ್ಟಿಸಿಕೊಂಡು ಬಂದ.

ಅಂಗಡಿಗೆ ರಜೆಯಿದ್ದ ಮೂರು ಮಂಗಳವಾರ, ಹಾಡಹಗಲು, ಕಿವಿ ಮುಚ್ಚಿಕೊಂಡು ಕೂತ. ಎರಡು ದನಿಯನ್ನೂ ನಡುವೆ ಇಟ್ಟರೆ ಒಂದರ ಮೇಲೊಂದು ಹತ್ತುತ್ತಿದ್ದವು. ಅವ್ವನದು ಗಡುಸು, ಚಿಕ್ಕವ್ವನದು ತೆಳು. ಮೂರನೆಯ ಮಂಗಳವಾರ ಉಪಾಯ ಹೊಳೆಯಿತು. ಅವ್ವನನ್ನು ಪೂರ್ತಿ ಎಡಗಿವಿಗೆ ತಳ್ಳಿದ, ಚಿಕ್ಕವ್ವನನ್ನು ಪೂರ್ತಿ ಬಲಗಿವಿಗೆ. ಅಣ್ಣತಮ್ಮಂದಿರಿಗೆ ನಡುವೆ ಬದು ಹಾಕಿ ಹೊಲ ಪಾಲು ಮಾಡಿದಂತಾಯಿತು. ಯಾರ ದನಿಯೂ ಯಾರಿಗಿಂತಲೂ ತಗ್ಗಲಿಲ್ಲ. ಕಣ್ಣು ಮುಚ್ಚಿದರೆ ಅವನು ಅವರಿಬ್ಬರ ನಡುವೆ ಕೂತ ಮಗು. ಅವನಿಗೆ ಅಳು ಬಂತು. ಹೆಡ್‌ಫೋನು ಹಾಕಿದ್ದರಿಂದ ತಾನು ಎಷ್ಟು ಜೋರಾಗಿ ಅಳುತ್ತಿದ್ದೇನೆಂಬುದು ಅವನಿಗೆ ಗೊತ್ತಾಗಲಿಲ್ಲ. ಎಮ್ಮೆಗೆ ಗೊತ್ತಾಗಿರಬೇಕು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಕಿಕ್ಕೇರಿಯಲ್ಲಿ ರಮ್ಯಳಿಗೆ ಅರಿಶಿನ. ಚಪ್ಪರದ ಕಂಬಕ್ಕೆ ಎರಡು ಹಾರ್ನು ಕಟ್ಟಿದ್ದರು. ಮೈಕ್‌ಸೆಟ್ಟಿನ ಕೆಂಪಣ್ಣ ಚಲುವರಾಜು ತಂದ ಕ್ಯಾಸೆಟ್ ಹಾಕಿದ. ಅಣ್ಣಮ್ಮನ ದನಿ ಊರಿನ ಮೇಲೆಲ್ಲ ಹರಡಿತು.

ಹೊಸ ಮೊರಕೆ ಅಕ್ಕಿಯ ತುಂಬಿದೋರ್ಯಾರು?

ಅಲ್ಲಿಗೆ ಹಾರ್ನು ಸುಮ್ಮನಾಯಿತು. ಉತ್ತರವಿಲ್ಲ. ತುಸು ಹೊತ್ತಿನ ಮೇಲೆ ಮತ್ತೆ ಅಣ್ಣಮ್ಮನೇ, ಅರಿಶಿನವ ಅರೆದೋರ್ಯಾರು ಎಂದು ಕೇಳಿದಳು. ಮತ್ತೆ ಮೌನ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಏನಾಗಿದೆಯೆಂದು ಚಲುವರಾಜುವಿಗೆ ಒಂದೇ ಗಳಿಗೆಯಲ್ಲಿ ತಿಳಿಯಿತು. ಕೆಂಪಣ್ಣನ ಆಂಪ್ಲಿಫೈಯರಿಗೆ ಟೇಪಿನಿಂದ ಹೋಗುವುದು ಎಡಗಡೆಯ ಒಂದೇ ತಂತಿ. ಬಲಗಡೆಯದು ಮುರಿದು ಬಿದ್ದು ಎರಡು ವರ್ಷವಾಗಿತ್ತು. ಸಿನಿಮಾ ಹಾಡಿಗೆ ಒಂದು ತಂತಿ ಧಾರಾಳವಾಗಿ ಸಾಕು ಎಂದು ಹೇಳಿ, ಆ ಒಂದನ್ನೇ ಬೆಸುಗೆ ಹಾಕಿ ಕೊಟ್ಟವನು ಬೇರೆ ಯಾರೂ ಅಲ್ಲ, ಚಲುವರಾಜುವೇ. ಸುತ್ತಿನ ಎಷ್ಟು ಮೈಕ್‌ಸೆಟ್ಟಿಗೆ ಹಾಗೆ ಮಾಡಿಕೊಟ್ಟಿದ್ದನೋ ಲೆಕ್ಕವಿರಲಿಲ್ಲ. ಪೆಟ್ಟಿಗೆ ಇಟ್ಟು ಕೇಳಿದ್ದರೆ, ಒಂದು ಪೆಟ್ಟಿಗೆಯ ದನಿ ನಿಲ್ಲಿಸಿ ನೋಡಿದ್ದರೆ, ಮನೆಯಲ್ಲೇ ಸಿಕ್ಕಿಬೀಳುತ್ತಿತ್ತು. ಎರಡು ಕಿವಿಯನ್ನೂ ಮುಚ್ಚಿಕೊಂಡವನಿಗೆ ಲೋಕದಲ್ಲಿ ಎಲ್ಲ ಹಾಡೂ ಎರಡು ಕಿವಿಗೇ ಬರುತ್ತದೆನಿಸಿತ್ತು.

ಈಗ ಊರು ಏನೆನ್ನುತ್ತದೆ? ಮಗ ಅವ್ವನ ದನಿ ಉಳಿಸಿ ಇನ್ನೊಬ್ಬಳದನ್ನು ಅಳಿಸಿದ ಎನ್ನುತ್ತದೆ. ಚಿಕ್ಕವ್ವ ಏನೆನ್ನುತ್ತಾಳೆ? ಅದನ್ನು ಅವಳು ಮೊದಲೇ ಹೇಳಿದ್ದಾಳೆ. ಅವನು ಟೇಪು ನಿಲ್ಲಿಸಲು ಓಡಿದ. ಅರಿಶಿನದ ಬಟ್ಟಲು ಹಿಡಿದ ಮುತ್ತೈದೆಯೊಬ್ಬಳು ಅಡ್ಡ ಬಂದಳು. ಅರಿಶಿನ ಇಡುವಾಗ ಎತ್ತಿದ ಸೊಲ್ಲನ್ನು ನಡುವೆ ನಿಲ್ಲಿಸಬಾರದು.

ಮೂರನೆಯ ಸೊಲ್ಲು ಬಂತು. ಹಾರ್ನು ಕೇಳಿತು, ಸುಮ್ಮನಾಯಿತು. ಎತ್ತಿದ ಸೊಲ್ಲಿಗೆ ಎದುರು ಸೊಲ್ಲಿಲ್ಲದಿದ್ದರೆ ಮದುಮಗಳಿಗೆ ಒಳ್ಳೆಯದಲ್ಲ. ಜಯಲಕ್ಷ್ಮಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗುಳದೆ ದವಡೆಗೆ ಸರಿಸಿಕೊಂಡಳು. ಕೂತಲ್ಲಿಂದಲೇ, ಮೈಕಿಲ್ಲದೆ, ಎದುರು ಸೊಲ್ಲು ಕೊಟ್ಟಳು.

ಸೋದರತ್ತೆ ತಂದವಳೆ ಸೋಬಾನವೇ.

ಆಮೇಲೆ ಒಂದನ್ನೂ ಬಿಡಲಿಲ್ಲ. ಕಂಬದ ಮೇಲಿನ ಅಣ್ಣಮ್ಮ ಕೇಳುವುದು, ಚಾಪೆಯ ಮೇಲಿನ ಜಯಲಕ್ಷ್ಮಮ್ಮ ಉತ್ತರ ಕೊಡುವುದು. ಕ್ಯಾಸೆಟ್ಟಿನ ಆ ಮಗ್ಗುಲು ಮುಗಿಯುವವರೆಗೆ ನಡೆಯಿತು. ಕೆಂಪಣ್ಣನಂತೂ ಇದು ಬೇಕೆಂದೇ ಮಾಡಿದ ಹೊಸ ಬಗೆಯ ಕ್ಯಾಸೆಟ್ಟೆಂದು ತಿಳಿದು, ತನಗೂ ಒಂದು ಬೇಕೆಂದ.

ಊಟದ ಹೊತ್ತಿಗೆ ಚಲುವರಾಜು ಚಿಕ್ಕವ್ವನ ಮುಂದೆ ಹೋಗಿ ನಿಂತು ನಡೆದದ್ದನ್ನೆಲ್ಲ ಒಪ್ಪಿಕೊಂಡ. ತಂತಿ, ಬೆಸುಗೆ, ಎಡಗಿವಿ, ಬಲಗಿವಿ. ಅವಳು ಪೂರ್ತಿ ಕೇಳಿದಳು. ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಅವನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ಹೊಸ್ತಿಲಿನ ಮಾತನ್ನು ಮಾತ್ರ ಎತ್ತಲಿಲ್ಲ.

ಮನೆಗೆ ಬಂದಾಗ ಅಣ್ಣಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಅವನು ಹೇಳಿದ್ದನ್ನು ಕೇಳಿಸಿಕೊಂಡಳು. ತಂತಿಯ ಬಗ್ಗೆ ಅವಳಿಗೆ ಆಸಕ್ತಿಯಿರಲಿಲ್ಲ.

“ಎಲ್ಲಾದಕ್ಕೂ ಎದುರು ಕೊಟ್ಲಾ?”

“ಮೂರ್ನೇದ್ರಿಂದ ಎಲ್ಲಾದಕ್ಕೂ ಕೊಟ್ರು ಕಣವ್ವ.”

ಅಣ್ಣಮ್ಮ ಕೈಯಲ್ಲಿದ್ದ ಹುಣಸೆಹಣ್ಣನ್ನು ಮೊರಕ್ಕೆ ಹಾಕಿದಳು.

“ನನ್ನ ಕಡೆದು ನಿಲ್ಸಿ ಅವಳ ಕಡೆದು ಆಕು. ಆ ಕಿವಿಗಿಕ್ಕೋದು ಬ್ಯಾಡ. ಮನೆಗೆಲ್ಲ ಕೇಳಂಗೆ ಆಕು.”

ಅವನು ಮನೆಯ ಟೇಪನ್ನು ಜಗಲಿಗೆ ತಂದು, ಎಡಬಲದ ದನಿ ಹೊಂದಿಸುವ ಬಿರಡೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಟೇಪು ಸುತ್ತಿತು. ಮೊದಲು ಬಂದದ್ದು ಮೌನ. ಅದು ಅಣ್ಣಮ್ಮನ ಮೊದಲ ಸೊಲ್ಲಿನ ಜಾಗ. ಅವಳು ಎತ್ತಬಹುದೆಂದು ಚಲುವರಾಜು ಅವಳ ತುಟಿಯನ್ನೇ ನೋಡುತ್ತಿದ್ದ. ತುಟಿ ಅಲ್ಲಾಡಲಿಲ್ಲ. ಆ ಜಾಗವನ್ನು ಅವಳು ಹಾಗೇ ಹೋಗಗೊಟ್ಟಳು.

ಯಾರೂ ಏನನ್ನೂ ಕೇಳದೆಯೇ ಜಯಲಕ್ಷ್ಮಮ್ಮನ ದನಿ ಮೊದಲು ಬಂತು. ಅದು ಮುಗಿದ ಮೇಲೆ ಅಣ್ಣಮ್ಮ ತನ್ನ ಸೊಲ್ಲು ಹೇಳಿದಳು. ಹಾಗೆ ಒಂದಾದ ಮೇಲೊಂದು, ಟೇಪು ನಿಲ್ಲುವವರೆಗೂ ಹಾಡಿದಳು. ಆಮೇಲೆ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದಳು.

“ಇಂಗೇ ಇನ್ನೊಂದು ಮಾಡಿ ಅವಳಿಗೆ ಕೊಟ್ಬುಟ್ಟು ಬಾ ಮಗ” ಎಂದಳು. “ಮೊದ್ಲು ಅವಳ್ದೇ ಬರ್ಲಿ.”