ಸಮ ಅಂಕ

"ಆ ಜನವನ್ನು ಒಳಗೆ ಬಿಡಬೇಡ ಝಿಯಾದ್!"

ವಲೇರಿಯನ್ ಒಂದು ಚಪ್ಪಲಿ ಬಿಚ್ಚಿದ್ದರು, ಇನ್ನೊಂದು ಕಾಲಲ್ಲೇ ಇತ್ತು. ಕೂಗಿದವಳು ನಬೀಸಾ. ಗಂಡ ಅಲಿಯ ಮಯ್ಯತ್ತನ್ನು ನಡುಮನೆಯಲ್ಲಿ ಮಲಗಿಸಿದ್ದರು, ಸುತ್ತ ಹೆಂಗಸರು ಕುರಾನ್ ಓದುತ್ತಿದ್ದರು. ಬೆಳಗ್ಗಿನಿಂದ ಒಂದು ಮಾತೂ ಆಡದ ನಬೀಸಾಳ ಗಂಟಲು ಈ ಮನುಷ್ಯನನ್ನು ಕಂಡದ್ದೇ ತೆರೆದುಕೊಂಡಿತು.

ಅಲಿಯ ಅಣ್ಣ ಇದಿನಬ್ಬ ಓಡಿಬಂದರು. "ಸತ್ತ ಮನೆಗೆ ಬಂದವರನ್ನು ಓಡಿಸುವುದು ಉಂಟಾ? ನೀವು ಚಪ್ಪರದಲ್ಲಿ ಕೂತ್ಕೊಳ್ಳಿ ಪೊರ್ಬುಗಳೇ. ಅವಳಿಗೆ ದುಃಖದಲ್ಲಿ ಎಂತ ಹೇಳ್ತಾಳೆ ಅಂತ ಗೊತ್ತಿಲ್ಲ."

ನಬೀಸಾಳಿಗೆ ಚೆನ್ನಾಗಿ ಗೊತ್ತಿತ್ತು. ವಲೇರಿಯನ್ ಕುರ್ಚಿಯ ತುದಿಯಲ್ಲಿ ಕೂತು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಕ್ರೈಸ್ತರಾದ್ದರಿಂದ ಊರಿಗೆಲ್ಲ ಪೊರ್ಬುಗಳು, ಕಾರ್ಕಳದ ನಿವೃತ್ತ ಬ್ಯಾಂಕ್ ಮ್ಯಾನೇಜರು, ಇಗರ್ಜಿಯಲ್ಲಿ ಮೊದಲ ಸಾಲಿನ ಮನುಷ್ಯ. ಬೆಳಗ್ಗೆ ಸುದ್ದಿ ಕೇಳಿದಾಗ ಅವರಿಗೆ ಮೊದಲು ಆದದ್ದು ಸಮಾಧಾನ. ಆಮೇಲೆ ಹೆದರಿಕೆಯಾಯಿತು. ಹೋಗಿ ಒಮ್ಮೆ ಕೈಮುಗಿದು ಬಂದರೆ ಎಲ್ಲ ಮುಗಿಯುತ್ತದೆ ಎಂದು ಕಾಪುವಿನ ಬಸ್ಸು ಹತ್ತಿದ್ದರು.

"ಮಗಳು ಇದ್ದಾಳಾ?" ಎಂದು ಕೇಳಿದರು.

"ಶಿಫಾನಾ ಒಳಗಿದ್ದಾಳೆ. ಯಾಕೆ?"

"ಒಂದು ಮಾತು ಹೇಳಲಿಕ್ಕಿತ್ತು. ಹಳೆಯದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಅಂತ."

ಅಲಿಯ ತಂಗಿಯ ಮಗ ಝಿಯಾದ್ ಪಕ್ಕದಲ್ಲೇ ನಿಂತಿದ್ದ. ಅವನು ಹಲ್ಲು ಕಚ್ಚಿ ಅತ್ತ ತಿರುಗಿದ.

*

ಎಂಟು ವರ್ಷದ ಹಿಂದೆ ಮಣಿಪಾಲದ ಒಂದು ಸಭಾಂಗಣದಲ್ಲಿ ನಡೆದ ಚೆಸ್ ಟೂರ್ನಿಯಲ್ಲಿ, ಹದಿನೈದರ ಶಿಫಾನಾ ಇದೇ ವಲೇರಿಯನ್‌ರ ಎದುರು ಕೂತಿದ್ದಳು. ಅವಳಿಗೆ ಆಟ ಕಲಿಸಿದವನು ಅಪ್ಪ ಅಲಿ. ಅವನು ಕಲಿತದ್ದು ಸೌದಿಯ ದಮಾಮಿನಲ್ಲಿ ದುಡಿಯುವಾಗ, ರೂಮಿನವರಿಂದ. ಊರಿಗೆ ಬಂದು ಚಪ್ಪಲಿ ಅಂಗಡಿ ಇಟ್ಟ ಮೇಲೂ ಚೌಕಾಸಿ ಮಾಡುವವರಿಗೆ, "ನಾನು ನಡೆಸಿ ಆಯ್ತು, ಇನ್ನು ನಿಮ್ಮ ನಡೆ" ಎನ್ನುತ್ತಿದ್ದ. ಜಿಲ್ಲೆಯ ರ್‍ಯಾಂಕಿಂಗಿನಲ್ಲಿ ವರ್ಷಗಟ್ಟಲೆ ಅವನೇ ಮೊದಲು.

ಆ ದಿನ ವಲೇರಿಯನ್‌ರ ಮಂತ್ರಿ ಹೋಗಿತ್ತು, ರಾಜನೂ ಹೆಚ್ಚು ಹೊತ್ತು ಉಳಿಯುವ ಹಾಗಿರಲಿಲ್ಲ. ಹುಡುಗಿ ಬಾತ್‌ರೂಮಿಗೆ ಹೋಗಿ ಬಂದಳು. ವಲೇರಿಯನ್ ಕೈ ಎತ್ತಿದರು. "ಇವಳು ಒಳಗೆ ಮೊಬೈಲ್ ನೋಡಿ ಬಂದಿದ್ದಾಳೆ." ಹುಡುಕಿದರೆ ಬಾತ್‌ರೂಮಿನ ಕಿಟಕಿಯಲ್ಲಿ ಒಂದು ಮೊಬೈಲ್ ಸಿಕ್ಕಿತು. ತೀರ್ಪುಗಾರರು ಆಟವನ್ನು ವಲೇರಿಯನ್‌ಗೆ ಕೊಟ್ಟು ಹುಡುಗಿಯನ್ನು ಹೊರಗೆ ಕಳಿಸಿದರು. ಅವಳು ಅಳುತ್ತ ನಡೆದು ಹೋಗುವಾಗ ಯಾರೋ "ಕಳ್ಳಿ" ಎಂದರು.

ಸಂಜೆ ಸಭಾಂಗಣದ ಕಸ ಗುಡಿಸುವ ಮೇಬಲ್ ವಲೇರಿಯನ್‌ರ ಬಳಿ ಬಂದಳು. "ಸರ್, ಕಿಟಕಿಯಲ್ಲಿ ನನ್ನ ಮೊಬೈಲ್ ಇಟ್ಟಿದ್ದೆ, ಕಂಡಿರಾ?"

ಎದುರಿಗೇ ತೀರ್ಪುಗಾರರ ಮೇಜು ಇತ್ತು, ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಹಿರಿಯ ಆಟಗಾರರಿಗೆ ಕೊಡುವ ಕಪ್ ಆಗಲೇ ವಲೇರಿಯನ್‌ರ ಚೀಲದಲ್ಲಿತ್ತು. "ಆಫೀಸಿನಲ್ಲಿ ಉಂಟು, ತಗೋ" ಎಂದು ಹೇಳಿ ಅವರು ಬಸ್ ಸ್ಟ್ಯಾಂಡಿಗೆ ನಡೆದರು. ಶಿಫಾನಾ ಆ ದಿನದಿಂದ ಕಾಯಿ ಮುಟ್ಟಲಿಲ್ಲ.

*

ಸತ್ಯ ಅಲಿಗೆ ಸಿಕ್ಕಿದ್ದು ಏಳು ವರ್ಷ ಕಳೆದು, ಚಪ್ಪಲಿ ಕೊಳ್ಳಲು ಬಂದ ಮೇಬಲ್‌ಳ ಬಾಯಿಂದ. ಚೆಸ್ ಸಂಘದವರನ್ನು ಕೇಳಿದ. "ಹಳೇ ಕಥೆ ಬಿಡಿ ಬ್ಯಾರಿಗಳೇ" ಎಂದರು. ವಲೇರಿಯನ್‌ರ ಕಾರ್ಕಳದ ಮನೆಗೆ ಹೋದ. ಬಾಗಿಲು ತೆರೆಯಲಿಲ್ಲ.

ಆಮೇಲೆ ಅಲಿ ಸೋಲತೊಡಗಿದ.

ಉಡುಪಿಯಲ್ಲಿ ಸೋತ, ಪಡುಬಿದ್ರಿಯಲ್ಲಿ ಸೋತ, ಕಾರ್ಕಳದಲ್ಲಿ ನಿನ್ನೆ ಮೊನ್ನೆ ಆಟ ಕಲಿತವರಿಗೂ ಸೋತ. ಆಟದ ಬಲ ಅಳೆಯುವ ರೇಟಿಂಗ್ ಜಾರುಬಂಡೆಯಲ್ಲಿ ಕೂತ ಹಾಗೆ ಇಳಿಯಿತು. ಬ್ಯಾರಿಗೆ ಅರುಳುಮರುಳು ಎಂದು ಜನ ನಕ್ಕರು. ಮಗಳೂ ಸಿಟ್ಟಾದಳು. "ಸಾಕು ಮಾಡಿ ಉಪ್ಪ, ಮರ್ಯಾದೆ ಹೋಗ್ತಾ ಉಂಟು" ಎಂದಳು. ಅಲಿ ಚಹಾ ಹೀರಿ ಅಂಗಡಿಗೆ ಹೋದ.

ಟೂರ್ನಿಗಳಿಗೆಲ್ಲ ಅವನನ್ನು ಕರೆದುಕೊಂಡು ಹೋಗುತ್ತಿದ್ದ ಝಿಯಾದ್‌ಗೆ ಒಂದು ದಿನ ತಡೆಯಲಾಗಲಿಲ್ಲ. ಕಾರು ನಿಲ್ಲಿಸಿ, ಯಾಕೆ ಹೀಗೆ ಸೋಲುತ್ತೀರಿ ಎಂದು ಕೇಳಿದ.

"ಟೂರ್ನಿಯಲ್ಲಿ ಸಮ ಅಂಕ ಇದ್ದವರನ್ನೇ ಎದುರುಬದುರು ಕೂರಿಸ್ತಾರೆ ಮಾರಾಯ" ಎಂದ ಅಲಿ. "ಅವನು ಇರುವುದು ಕೆಳಗೆ. ನಾನು ಗೆಲ್ತಾ ಹೋದರೆ ಅವನು ನನಗೆ ಸಿಗುವುದು ಯಾವಾಗ? ಒಮ್ಮೆ ಸಿಗಲಿ. ಎದ್ದು ಹೋದರೆ ಸೋತ ಹಾಗೆ, ಕೂತರೆ ನನ್ನ ಮುಖ ನೋಡಬೇಕು. ಸೋಲಿಸಿ ಎಲ್ಲರ ಎದುರು ಕೇಳ್ತೇನೆ, ಮೊಬೈಲ್ ಯಾರದ್ದು ಅಂತ."

ಆದರೆ ವಲೇರಿಯನ್ ಹಾವಿಗಿಂತ ಹುಷಾರು. ಅಂಕ ಸಮವಾಗುವ ಸೂಚನೆ ಕಂಡರೆ ಸಾಕು, ಅವರಿಗೆ ಜ್ವರ ಬರುತ್ತಿತ್ತು. ಉಳಿದ ಸುತ್ತು ಬಿಟ್ಟು ಮನೆಗೆ ಹೋಗುತ್ತಿದ್ದರು. ವರ್ಷವಿಡೀ ಇದೇ ಕಥೆ. ಮೊನ್ನೆ ಉಡುಪಿಯಿಂದಲೂ ಅಲಿ ಬರಿಗೈಯಲ್ಲೇ ಮರಳಿದ್ದ. ನಿನ್ನೆ ಸಂಜೆ ಅಂಗಡಿಯ ಶಟರ್ ಎಳೆಯುವಾಗ ಎದೆ ಹಿಡಿದುಕೊಂಡು ಕುಸಿದ.

*

ಮಸೀದಿಯ ಅಂಗಳದಲ್ಲಿ ಜನಾಝಾ ನಮಾಝಿಗೆ ಸಾಲು ನಿಂತಿತ್ತು. ವಲೇರಿಯನ್ ಗೇಟಿನ ಹತ್ತಿರ, ನಮಾಝ್ ಮಾಡದ ಇತರರೊಂದಿಗೆ ನಿಂತಿದ್ದರು. ಪದ್ಧತಿಯಂತೆ ಇದಿನಬ್ಬ ಮುಂದೆ ಬಂದು ಹೇಳಿದರು:

"ನನ್ನ ತಮ್ಮನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ, ದೇವರಿಗಾಗಿ ಅವನನ್ನು ಕ್ಷಮಿಸಿಬಿಡಿ."

ಸಾಲಿನಲ್ಲಿ "ಕ್ಷಮಿಸಿದೆವು" ಎಂಬ ಗುಜುಗುಜು ಎದ್ದಿತು. ಅದು ಅಡಗಿದ ಮೇಲೆ ಗೇಟಿನ ಕಡೆಯಿಂದ ಒಂದು ಸ್ವರ ಸ್ಪಷ್ಟವಾಗಿ ಕೇಳಿತು.

"ನಾನೂ ಕ್ಷಮಿಸಿದ್ದೇನೆ."

ವಲೇರಿಯನ್! ಕಣ್ಣಲ್ಲಿ ನೀರು ಬೇರೆ. ವರ್ಷವಿಡೀ ಬೆನ್ನು ಹತ್ತಿದವನನ್ನು ಅವರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದರು. ಪಕ್ಕದವರೊಬ್ಬರು ಮೆಚ್ಚಿ ಅವರ ಭುಜ ತಟ್ಟಿದರು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಝಿಯಾದ್ ನಮಾಝ್ ಮುಗಿಸಿದ, ಮಾವನಿಗೆ ಮೂರು ಹಿಡಿ ಮಣ್ಣು ಹಾಕಿದ, ಯಾರಿಗೂ ಕಾಯದೆ ಮನೆಗೆ ನಡೆದ.

ಹಿಂದಿನ ಬಾಗಿಲಲ್ಲಿ ಶಿಫಾನಾಳನ್ನು ಕರೆದು ಎಲ್ಲ ಹೇಳಿದ. ಆ ಮೊಬೈಲ್ ಯಾರದ್ದು, ಉಪ್ಪ ಯಾಕೆ ಸೋಲುತ್ತಿದ್ದರು ಎಂಬುದನ್ನೂ, ಈಗ ಗೇಟಿನಲ್ಲಿ ಕೇಳಿದ್ದನ್ನೂ.

"ಕ್ಷಮಿಸಿದ್ದೇನೆ ಅಂದರಾ?" ಶಿಫಾನಾ ಕೇಳಿದಳು. "ಅವರು? ಉಪ್ಪನನ್ನು?"

"ಹೌದು."

ಬೆಳಗ್ಗೆ ಅವಳಲ್ಲಿ ಅಳು ಬಿಟ್ಟು ಬೇರೇನೂ ಇರಲಿಲ್ಲ. ಬಂದ ಮನುಷ್ಯ ಒಂದು ಮಾತು ಹೇಳಿ ಹೋಗಲಿ ಎಂದೇ ಅಂದುಕೊಂಡಿದ್ದಳು. ಈಗ ಅಳು ನಿಂತಿತು. ಅವಳು ಫೋನ್ ತೆಗೆದು ಗೋಡೆಗೊರಗಿ ಅದರ ಮೇಲೆ ಬೆರಳಾಡಿಸಿದಳು.

*

ಗಂಡಸರು ಮರಳಿ ಚಪ್ಪರದಲ್ಲಿ ಚಹಾ ಕುಡಿಯುತ್ತಿದ್ದಾಗ ಶಿಫಾನಾ ಹೊರಗೆ ಬಂದಳು. ಎಲ್ಲರೂ ತಲೆ ಎತ್ತಿದರು. ವಲೇರಿಯನ್ ಎದ್ದು ನಿಂತರು.

"ಮಗಾ, ಆಗಿದ್ದು ಆಯ್ತು. ನಾನೂ ಮನುಷ್ಯ, ಅಲ್ವಾ? ಇವತ್ತಿಗೆ ಎಲ್ಲ ಮುಗಿಸಿಬಿಡುವ."

ಅಭ್ಯಾಸಬಲದಿಂದ ಕುಲುಕಲು ಅವರ ಕೈ ಮುಂದೆ ಬಂತು. ಬ್ಯಾರಿಗಳ ಮನೆಯ ಹುಡುಗಿಗೆ ಪರಗಂಡಸು ಕೈ ಚಾಚಬಾರದು ಎಂದು ಹೊಳೆಯುವಷ್ಟರಲ್ಲಿ ತಡವಾಗಿತ್ತು. ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ಶಿಫಾನಾ ಅದನ್ನು ಹಿಡಿದಳು.

"ಆಟ ಮುಗಿದಾಗ ಮಾತ್ರ ಕೈ ಕುಲುಕುವುದಲ್ಲ ಅಂಕಲ್" ಎಂದಳು, ಅವರಿಗಷ್ಟೇ ಕೇಳುವಂತೆ. "ಶುರುವಾಗುವಾಗಲೂ ಕುಲುಕಬೇಕು."

"ಎಂತ?"

"ಬರುವ ತಿಂಗಳು ಕಾರ್ಕಳದಲ್ಲಿ ಟೂರ್ನಿ ಉಂಟು. ಈಗ ಹೆಸರು ಕೊಟ್ಟೆ. ಆ ದಿನ ನಿಮಗೆ ಜ್ವರ ಬಂದರೆ ಉಡುಪಿಯಲ್ಲಿ ಇನ್ನೊಂದು, ಅದಕ್ಕೂ ಕೊಟ್ಟಿದ್ದೇನೆ. ಉಪ್ಪನ ಹಾಗೆ ನಾನು ಇಳಿದು ಬರಬೇಕಾಗಿಲ್ಲ. ನೀವು ನಿಲ್ಲಿಸಿದ ಜಾಗದಲ್ಲೇ ನಾನು ಇದ್ದೇನೆ. ನನ್ನ ರೇಟಿಂಗ್ ಎಂಟು ವರ್ಷದಿಂದ ನಿಮ್ಮ ಪಕ್ಕದಲ್ಲೇ ಉಂಟು, ಅಂಕ ಸಮವಾಗದೆ ಹೋಗುವುದಿಲ್ಲ."

ವಲೇರಿಯನ್ ಗೇಟಿನ ಕಡೆ ನೋಡಿದರು.

"ಹುಡುಗಿ ದೊಡ್ಡ ಮನಸ್ಸು ಮಾಡಿದಳು, ನೋಡಿ" ಎಂದು ಇದಿನಬ್ಬ ಕಣ್ಣೊರೆಸಿಕೊಂಡರು. ಯಾರೋ "ಅಲ್‌ಹಮ್ದುಲಿಲ್ಲಾ" ಎಂದರು. ವಲೇರಿಯನ್ ಕೈ ಬಿಡಿಸಿಕೊಳ್ಳಲು ಮೆಲ್ಲಗೆ ಎಳೆದರು, ಇನ್ನೊಮ್ಮೆ ಎಳೆದರು. ಬೆವರಿಗೆ ಒದ್ದೆಯಾದ ಆ ಕೈಯನ್ನು ಶಿಫಾನಾ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮಿಟುಕಿಸದೆ ಅವರ ಮುಖವನ್ನೇ ನೋಡುತ್ತ ನಿಂತಳು.