ಊರು ಬಿಟ್ಟ ಅರವತ್ತೆರಡು ಮಕ್ಕಳು

ಆರೋಗ್ಯ ಕೇಂದ್ರದ ದೊಡ್ಡ ಡಾಕ್ಟರಿಗೆ ಸಿಬ್ಬಂದಿ ಬೆನ್ನ ಹಿಂದೆ ಇಟ್ಟಿದ್ದ ಹೆಸರು ಶೇಕಡಾ ಸಾಹೇಬ. ಅವರು ಮಗುವಿನ ಮುಖ ನೋಡಿ ಮಾತಾಡಿದ್ದನ್ನು ಕಂಡವರಿಲ್ಲ. ‘ದಡಾರದ ಎರಡನೇ ಲಸಿಕೆ: ಶೇಕಡಾ ತೊಂಬತ್ತೇಳು’ ಎಂಬ ಹಲಗೆಯನ್ನು ಮಾತ್ರ ದಿನಾ ತಮ್ಮ ಕರವಸ್ತ್ರದಿಂದಲೇ ಒರೆಸುತ್ತಿದ್ದರು.

ಲಸಿಕೆ ದಾಖಲೆಯ ಕಂಪ್ಯೂಟರಿಗೆ ಹೊಸದಾಗಿ ಬಂದ ಹೆಂಗಸು ಎರಡೇ ವಾರದಲ್ಲಿ ಆ ತೊಂಬತ್ತೇಳರ ಬಂಡವಾಳ ಕಂಡುಕೊಂಡಳು. ಪಟ್ಟಿಯನ್ನು ಬೀದಿವಾರು ಜೋಡಿಸಿದರೆ, ಬಟ್ಟೆ ಕಾರ್ಖಾನೆ ಹಿಂದಿನ ಗಲ್ಲಿಯ ಅರವತ್ತೆರಡು ಮಕ್ಕಳ ಎದುರು ‘ಊರು ಬಿಟ್ಟಿದ್ದಾರೆ’ ಎಂದಿತ್ತು. ಊರು ಬಿಟ್ಟವರು ಲೆಕ್ಕಕ್ಕಿಲ್ಲ. ಅಷ್ಟೂ ಮಕ್ಕಳು ಒಂದೇ ದಿನ, ಅದೂ ವರ್ಷದ ವರದಿ ಕಳಿಸುವ ಹಿಂದಿನ ದಿನ, ಗಂಟುಮೂಟೆ ಕಟ್ಟಿದ್ದರು!

ಅವಳು ಆ ಪಟ್ಟಿಯ ಒಂದು ನಂಬರಿಗೆ ಫೋನ್ ಮಾಡಿದಳು.

“ನಾವೆಲ್ಲಿಗೆ ಹೋಗೋಣಮ್ಮ? ಇಲ್ಲೇ ಬಿದ್ದಿದೀವಿ,” ಎಂದಳು ಆ ಮನೆಯ ತಾಯಿ. “ನೀವು ಸೂಜಿ ಹಾಕೋದು ಬುಧವಾರ ಬೆಳಿಗ್ಗೆ. ಬುಧವಾರ ರಜ ಹಾಕಿದ್ರೆ ಗುರುವಾರ ಕಾರ್ಖಾನೆ ಗೇಟ್ ಒಳಗೇ ಬಿಡಲ್ಲ.”

ಕಂಪ್ಯೂಟರಿನವಳು ಸಾಹೇಬರ ಬಳಿ ಹೋದಳು. “ಸರ್, ಒಂದು ಭಾನುವಾರ ಆ ಗಲ್ಲೀಲೇ ಹಾಕಿದ್ರೆ...”

“ಅಕ್ಕರೆ ಇದ್ದೋರು ಬರ್ತಾರೆ. ಮನೆಮನೆಗೆ ಹೋಗಿ ಕಾಲು ಹಿಡೀಬೇಕಾ? ನೀವು ಬಂದಿರೋದು ಟೈಪ್ ಮಾಡೋಕೆ. ಮಾಡ್ರಿ.”

ತಿಂಗಳೊಳಗೆ ಆ ತಾಯಿಯ ಮಗಳಿಗೇ ಜ್ವರ ಬಂತು. ಮೈತುಂಬ ಕೆಂಪು ದದ್ದು. ಸಾಹೇಬರು ಕುರ್ಚಿಯಿಂದಲೇ ನೋಡಿ “ಬೆವರುಸಾಲೆ” ಎಂದರು. ತೊಂಬತ್ತೇಳು ಇರುವ ಕಡೆ ಕಾಲಿಡಲು ದಡಾರಕ್ಕೆಷ್ಟು ಧೈರ್ಯ! ಮಗು ದೊಡ್ಡಾಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿ, ಒಂದು ಕಿವಿ ಕೇಳದಂತಾಗಿ ಮನೆಗೆ ಬಂತು.

ಸುದ್ದಿ ಕೇಳಿ ಕಂಪ್ಯೂಟರಿನವಳು ಆ ಪಟ್ಟಿ ತೆಗೆದು ಹಿರಿಯ ನರ್ಸಮ್ಮನ ಮುಂದೆ ಇಟ್ಟಳು. ನರ್ಸಮ್ಮ ಹೆಸರುಗಳ ಮೇಲೆ ಬೆರಳಾಡಿಸಿದಳು.

“ಊರು ಬಿಟ್ಟಿದ್ದಾರೆ ಅಂತ ಒತ್ತಿದ್ದು ನಾನೇ ಕಣೇ. ಸಾಹೇಬ್ರು ಒತ್ತು ಅಂದ್ರು, ಒತ್ತಿದೆ. ಭಾನುವಾರ ಲಸಿಕೆ ಡಬ್ಬ ನಾನು ಹೊರ್ತೀನಿ. ನೀನು ಪಟ್ಟಿ ಹಿಡ್ಕೊ.”

ಭಾನುವಾರ ಸಂಜೆಯೊಳಗೆ ಐವತ್ತೊಂದು ಮಕ್ಕಳಿಗೆ ಲಸಿಕೆಯಾಯಿತು. ನಿಜಕ್ಕೂ ಊರು ಬಿಟ್ಟಿದ್ದವರು ಮೂವರೇ. ಉಳಿದವರನ್ನೆಲ್ಲ ಕಂಪ್ಯೂಟರಿನವಳು ಲೆಕ್ಕಕ್ಕೆ ವಾಪಸ್ ತಂದಳು. ಜ್ವರವೆಂದು ಲಸಿಕೆ ಹಾಕದೆ ಉಳಿಸಿದ್ದ ಕೆಲವರೂ ಅದರಲ್ಲಿ ಸೇರಿ, ತೊಂಬತ್ತೇಳು ತೊಂಬತ್ತೈದಕ್ಕಿಳಿಯಿತು.

ಸಾಹೇಬರು ಕೆಂಡವಾದರು. “ಐವತ್ತು ಮಕ್ಕಳಿಗೆ ಸೂಜಿ ಹಾಕಿದ್ಮೇಲೆ ಶೇಕಡಾ ಇಳಿಯುತ್ತೇನ್ರೀ? ಮೊದಲು ಅವ್ರನ್ನ ವಾಪಸ್ ಕಳ್ಸಿ!”

“ಎಲ್ಲಿಗೆ ಸರ್?”

ಆ ಪ್ರಶ್ನೆಗೆ ಸಿಕ್ಕ ಬಹುಮಾನ ಉಗ್ರಾಣದ ಕೆಲಸ. ಎರಡು ತಿಂಗಳು ಅವಳು ಹತ್ತಿಯ ಕಟ್ಟು ಎಣಿಸಿದಳು. ಆಮೇಲೆ, ದೊಡ್ಡಾಸ್ಪತ್ರೆಯ ದಡಾರದ ವರದಿ ನೋಡಿ ಮೇಲಿನ ಕಚೇರಿಯಿಂದ ವಿಚಾರಣೆ ಬಂತು. ನರ್ಸಮ್ಮ ನಡೆದದ್ದನ್ನು ತನ್ನ ತಪ್ಪೂ ಸೇರಿಸಿ ಬರೆದುಕೊಟ್ಟಳು. ಅವಳ ಒಂದು ವರ್ಷದ ಬಡ್ತಿಗೆ ತಡೆ ಬಿತ್ತು. ಸಾಹೇಬರಿಗೂ ಶಿಕ್ಷೆಯಾಯಿತೆನ್ನಿ: ಮೇಲಿನ ಕಚೇರಿಗೆ ವರ್ಗ, ದಾಖಲೆ ಇಡುವುದು ಹೇಗೆಂದು ಇತರ ಡಾಕ್ಟರುಗಳಿಗೆ ಪಾಠ ಹೇಳಲು.

ಕಂಪ್ಯೂಟರಿನವಳು ಮತ್ತೆ ತನ್ನ ಜಾಗಕ್ಕೆ ಬಂದಳು. ಭಾನುವಾರದ ಲಸಿಕೆ ನಿಲ್ಲಲಿಲ್ಲ. ಗಲ್ಲಿಯಲ್ಲಿ ಮೇಜು ಹಾಕಲು ತನ್ನ ಮನೆಯಂಗಳ ಬಿಟ್ಟುಕೊಟ್ಟವಳು ಆ ಮಗುವಿನ ತಾಯಿ.